ಸಾಲು ಕೆಡದ ಹೆಜ್ಜೆ

ಸುಣ್ಣಕಲ್ಲಿನ ಬೆಟ್ಟದ ನೆತ್ತಿಯಿಂದ ಮಂಜು ಇನ್ನೂ ಇಳಿದಿಲ್ಲ. ಬುಡದಲ್ಲಿ ಒತ್ತೊತ್ತಾಗಿ ಬಿದಿರಿನ ಮನೆಗಳು, ಒಣ ಎಲೆ ಹೊದಿಸಿದ ಸೂರುಗಳು. ಇದು ಥಾಯ್ಲೆಂಡಿನ ತಾಕ್ ಪ್ರಾಂತ್ಯದ ಮೇ ಲಾ. ಪಡುವಣಕ್ಕೆ ಕೆಲವೇ ಮೈಲಿ ನಡೆದರೆ ಬರ್ಮಾ ಗಡಿ. 1984ರಲ್ಲಿ ಗಡಿ ದಾಟಿ ಬಂದ ಕರೆನ್ ನಿರಾಶ್ರಿತರಿಗೆ 'ಸದ್ಯಕ್ಕೆ' ಎಂದು ಹಾಕಿದ ಶಿಬಿರದಲ್ಲೇ ಹುಟ್ಟಿದವರು ಈಗ ಮಕ್ಕಳೊಂದಿಗರು.

ಪ್ಯಾಥೋ ತಿಂಗಳ ಮೊದಲ ದಿನವೆಂದರೆ ಕರೆನ್ನರ ಹೊಸ ವರ್ಷ. ಕ್ರಿಸ್ತಶಕಕ್ಕೆ 739 ಕೂಡಿಸಿದರೆ ಅವರ ಇಸವಿ ಸಿಗುತ್ತದೆ. ಎಮ್ಮೆಕೊಂಬಿನ ಕಹಳೆ ಒಮ್ಮೆ ಉದ್ದಕ್ಕೆ ಕೂಗುತ್ತದೆ. ಹಿಂದೆಯೇ ಕಪ್ಪೆಡೋಲಿನ ಸದ್ದು. ಡೋಲು ಎಂದರೂ ಚರ್ಮದ ಮಾತಿಲ್ಲ, ಪೂರ್ತಿ ಕಂಚಿನ ಎರಕ. ಮೇಲ್ತಟ್ಟೆಯ ಅಂಚಿನಲ್ಲಿ ಪುಟ್ಟ ಕಪ್ಪೆಗಳು ಒಂದರ ಬೆನ್ನಿನ ಮೇಲೊಂದು ಕೂತಿವೆ. ಇದನ್ನು ಬಾರಿಸಿದರೆ ಮಳೆ ಬರುತ್ತದೆಂಬ ನಂಬಿಕೆ. ಕರೆನ್ ಬಾವುಟದಲ್ಲೂ ಇದೇ ಡೋಲು.

ಮೈದಾನಕ್ಕೆ ಹುಡುಗ ಹುಡುಗಿಯರ ಸಾಲುಗಳು ಬಂದು ನಿಲ್ಲುತ್ತವೆ. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ನೇಯುವ ಮಗ್ಗದಲ್ಲಿ ಅಮ್ಮಂದಿರು ನೆಯ್ದ ಅಂಗಿಗಳು, ಕೆಳಗೆ ತೂಗುವ ನೂಲಿನ ಕುಚ್ಚುಗಳು. ಬಿಳಿಯ ಉದ್ದ ನಿಲುವಂಗಿ ತೊಟ್ಟವಳಿಗೆ ಮದುವೆಯಾಗಿಲ್ಲ. ರವಿಕೆ, ಸುತ್ತುಡುಗೆ ಎಂದು ಎರಡು ತುಂಡು ಉಟ್ಟವಳು ಗೃಹಿಣಿ. ಕೇಳಬೇಕಾದ್ದೇ ಇಲ್ಲ.

ಕುಣಿತದ ಹೆಸರು ದೋನ್. ಹಾಗೆಂದರೆ ಒಮ್ಮತ. ಪ್ವೋ ನುಡಿಯ ಕರೆನ್ನರು ಊರಿನ ನಡೆನುಡಿಯನ್ನು ಎಲ್ಲರ ಮನಸ್ಸಿಗೆ ನಾಟಿಸಲು ಕಟ್ಟಿಕೊಂಡ ಆಟವಿದು. ಮುನ್ನಡೆಸುವವನು 'ದೋನ್ ಕೋ'. ಅವನ ಸನ್ನೆಗೆ ಅಷ್ಟೂ ಮೊಣಕಾಲು ಒಟ್ಟಿಗೆ ಬಾಗುತ್ತವೆ, ಅಷ್ಟೂ ಅಂಗೈ ಒಂದೇ ಎತ್ತರಕ್ಕೆ ಏಳುತ್ತವೆ. ಕಣ್ಣು ಅಭ್ಯಾಸಬಲದಿಂದ ನಾಯಕಿಗಾಗಿ ಹುಡುಕಾಡಿ ಸೋಲುತ್ತದೆ. ಯಾರೊಬ್ಬರೂ ಎದ್ದು ಕಾಣಬಾರದೆಂಬುದೇ ಇಲ್ಲಿಯ ಹೆಚ್ಚುಗಾರಿಕೆ. ಒಬ್ಬಳು ಸ್ವಲ್ಪ ಚೆನ್ನಾಗಿ ಕುಣಿದುಬಿಟ್ಟರೂ ಸಾಲು ಕೆಟ್ಟಂತೆಯೇ!

1949ರಿಂದ ಬರ್ಮಾ ಸರ್ಕಾರದೊಡನೆ ಹೊಡೆದಾಡುತ್ತ ಬಂದ ಜನ ಇವರು. ಆದರೆ ಒಂದೇ ಅಚ್ಚಿನವರಲ್ಲ. ಸ್ಗಾ ನುಡಿಯವರು, ಪ್ವೋ ನುಡಿಯವರು, ಬೌದ್ಧರು, ಕ್ರೈಸ್ತರು. 1994ರ ಕೊನೆಯಲ್ಲಿ ಬೌದ್ಧ-ಕ್ರೈಸ್ತರ ನಡುವಿನ ಬಿರುಕು ದೊಡ್ಡದಾಗಿ, ಬೌದ್ಧ ಪಡೆಯೊಂದು ಸಿಡಿದು ಬೇರೆಯಾಯಿತು. ಒಮ್ಮತವೆಂಬ ಹೆಸರನ್ನು ಕುಣಿತಕ್ಕೆ ಇಟ್ಟವರು ಅದು ಕೈಗೆ ಸುಲಭವಾಗಿ ದಕ್ಕುವುದಿಲ್ಲವೆಂದು ಬಲ್ಲವರೇ ಇರಬೇಕು. ಶಿಬಿರದಿಂದ ಹೊರಟ ಸಾವಿರಾರು ಮಂದಿ ಈಗ ಅಮೆರಿಕದ ಮಿನ್ನೆಸೋಟದಲ್ಲಿದ್ದಾರೆ. ಹೊರಗೆ ಹಿಮ ಬಿದ್ದಿರುವಾಗ ಸೇಂಟ್ ಪಾಲ್ ನಗರದ ಸಭಾಂಗಣದಲ್ಲಿ ಅದೇ ಕುಚ್ಚಿನ ಅಂಗಿ ತೊಟ್ಟು ಕುಣಿಯುತ್ತಾರೆ.

ಇಲ್ಲಿ ಮಾತ್ರ ಧೂಳು. ಕೊನೆಯ ಸಾಲಿನ ಹುಡುಗನೊಬ್ಬ ಎಡಕ್ಕೆ ತಿರುಗಬೇಕಾದಲ್ಲಿ ಬಲಕ್ಕೆ ತಿರುಗಿದ. ಪಕ್ಕದವಳು ಮುಖದ ನಗೆಯನ್ನು ಹಾಗೆಯೇ ಇಟ್ಟುಕೊಂಡು ಮೊಣಕೈಯಿಂದ ತಿವಿದಳು. ಎರಡು ಹೆಜ್ಜೆಯೊಳಗೆ ಅವನು ಸಾಲಿಗೆ ಬಂದ. ದೋನ್ ಕೋ ನೋಡಿಯೂ ನೋಡದವನಂತೆ ಇದ್ದ.