ಎತ್ತಿಗೆ ಹಲ್ಲು, ವಿಮಾನಕ್ಕೆ ಲಾಗ್‌ಬುಕ್

ಭೀಮಾ ತೀರದ ಅಗರಖೇಡದ ರೈತ ಎತ್ತು ಕೊಳ್ಳುವಾಗ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಮೈಯ ಹೊಳಪು, ಕೊಂಬಿನ ಬಣ್ಣ ಆಮೇಲಿನ ಮಾತು. ಬಳಸಿದ ವಿಮಾನ ಕೊಳ್ಳುವವರು ಮಾಡುವುದೂ ಇದನ್ನೇ. ವಿಮಾನದ ಹಲ್ಲು ಇರುವುದು ಅದರ ಲಾಗ್‌ಬುಕ್ಕಿನಲ್ಲಿ!

ವಿಜಯಪುರದಿಂದ ಬೆಂಗಳೂರಿಗೆ ಆಕಾಶಮಾರ್ಗದಲ್ಲಿ ಸುಮಾರು 470 ಕಿ.ಮೀ. ಬಸ್ಸಿನಲ್ಲಾಗಲಿ, ರೈಲಿನಲ್ಲಾಗಲಿ ರಾತ್ರಿಯಿಡೀ ಪ್ರಯಾಣ. ವಿಜಯಪುರದ ಹತ್ತಿರ ಬುರಣಾಪುರದಲ್ಲಿ ವಿಮಾನ ನಿಲ್ದಾಣಕ್ಕೆ 2021ರಲ್ಲಿ ಶಂಕುಸ್ಥಾಪನೆಯಾಯಿತು. ಆದರೆ ನಿಲ್ದಾಣವಿದ್ದರಷ್ಟೇ ಸಾಲದು. ದೊಡ್ಡ ವಿಮಾನ ತುಂಬುವಷ್ಟು ಪ್ರಯಾಣಿಕರೂ ಬೇಕು. ಪ್ರಯಾಣಿಕರು ಕಡಿಮೆ ಇರುವ ಊರುಗಳಿಗೆ ಜಗತ್ತಿನ ಅನೇಕ ಕಡೆ ಬಳಕೆಯಲ್ಲಿರುವುದು ಒಂಬತ್ತು-ಹತ್ತು ಆಸನಗಳ, ಒಂದೇ ಎಂಜಿನ್ನಿನ ಟರ್ಬೊಪ್ರಾಪ್ ವಿಮಾನ. ಅಮೆರಿಕದ ಸೆಸ್ನಾ ಕ್ಯಾರವಾನ್ (ಮೊದಲ ಹಾರಾಟ 1982) ಬೆಂಗಳೂರನ್ನು ಒಂದೂವರೆ ಗಂಟೆಯಲ್ಲಿ ಮುಟ್ಟಬಲ್ಲದು. ಸ್ವಿಟ್ಜರ್ಲೆಂಡಿನ ಪಿಲಾಟಸ್ ಪಿಸಿ-12 (1991) ಇನ್ನೂ ವೇಗದ್ದು. ಆದರೆ ಹೊಸ ಪಿಸಿ-12ರ ಬೆಲೆ 40 ಕೋಟಿ ರೂಪಾಯಿಗೂ ಹೆಚ್ಚು. ಆದ್ದರಿಂದಲೇ ಹಳೆಯದರ ಹುಡುಕಾಟ.

ಹಳೆಯದೆಂದು ಮೂಗು ಮುರಿಯಬೇಕಿಲ್ಲ. ನಮ್ಮವರೇ ಆದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದ್ದು ಬಾಡಿಗೆಗೆ ತಂದ, ಬಳಸಿದ ಎಟಿಆರ್-42 ವಿಮಾನಗಳಿಂದಲೇ. ಅವು ಎರಡು ಎಂಜಿನ್ನಿನ ಟರ್ಬೊಪ್ರಾಪ್‌ಗಳು.

ಎರಡು ಫ್ಯಾನುಗಳ ಕಥೆ

ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಡಿ. ಒಂದನ್ನು ಮಾತ್ರ ಚಾಲೂ ಮಾಡಿದರೆ ಅದರ ಗಾಳಿಗೆ ಇನ್ನೊಂದೂ ತಿರುಗತೊಡಗುತ್ತದೆ. ಈ ಎರಡೂ ವಿಮಾನಗಳಲ್ಲಿರುವ ಪಿಟಿ-6 ಎಂಜಿನ್ನಿನ ತತ್ವವೂ ಇದೇ. ಉರಿದ ಬಿಸಿ ಅನಿಲ ಒಂದು ಚಕ್ರವನ್ನು ತಿರುಗಿಸಿ, ಮುಂದೆ ಸಾಗಿ, ಅದಕ್ಕೆ ಜೋಡಣೆಯೇ ಇಲ್ಲದ ಮತ್ತೊಂದು ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರ ಮೂತಿಯ ಪಂಖವನ್ನು ತಿರುಗಿಸುತ್ತದೆ. ಇದಕ್ಕೆ ಬೇಕಾದ ಇಂಧನ ಸೀಮೆಎಣ್ಣೆಯ ಜಾತಿಯದು. ಜೆಟ್ ವಿಮಾನಗಳು ಬಳಸುವುದೂ ಅದನ್ನೇ.

ಯಾವುದು ಅಗ್ಗ?

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಕ್ಯಾರವಾನ್ ಎಂಜಿನ್ನನ್ನು ಸಾಮಾನ್ಯವಾಗಿ 3,600 ಗಂಟೆ ಓಡಿದ ಮೇಲೆ ಪೂರ್ತಿ ಬಿಚ್ಚಿ ದುರಸ್ತಿ ಮಾಡಬೇಕು. ಖರ್ಚು ಕೋಟಿಗಳಲ್ಲಿ. ಮಾರಾಟಕ್ಕೆ ಎರಡು ವಿಮಾನಗಳಿವೆ ಎನ್ನಿ. ಒಂದರ ಎಂಜಿನ್ 3,200 ಗಂಟೆ ಓಡಿದೆ, ಇನ್ನೊಂದರದು 1,000 ಗಂಟೆ. ಮೊದಲನೆಯದರ ಬೆಲೆ ಒಂದು ಕೋಟಿ ಕಡಿಮೆ. ದಿನಕ್ಕೆ ನಾಲ್ಕು ಗಂಟೆ ಹಾರಿಸಿದರೆ ಮೊದಲನೆಯದು ನೂರೇ ದಿನಕ್ಕೆ ದುರಸ್ತಿಗೆ ಹೋಗುತ್ತದೆ. ಎರಡನೆಯದು 650 ದಿನ ದುಡಿಯುತ್ತದೆ. ಅಗ್ಗದ ವಿಮಾನ ಯಾವುದೆಂದು ಈಗ ನೀವೇ ಹೇಳಿ.

ಗಂಟೆಯಷ್ಟೇ ಅಲ್ಲ, ಏರಿ ಇಳಿದ ಸಲಗಳೂ ಲೆಕ್ಕಕ್ಕೆ ಬರುತ್ತವೆ. ಎಂಜಿನ್ನಿನ ಕೆಲವು ಚಕ್ರಗಳಿಗೆ ಇಂತಿಷ್ಟು ಸಲ ಎಂಬ ಆಯುಷ್ಯವಿದೆ. ಅರ್ಧ ಗಂಟೆಯ ಹಾರಾಟಗಳನ್ನೇ ಮಾಡಿದ ವಿಮಾನದಲ್ಲಿ ಈ ಆಯುಷ್ಯ ಬೇಗ ತೀರುತ್ತದೆ.

ಆದ್ದರಿಂದ ಜಾಣ ಖರೀದಿದಾರ ಮಾರುವವನಿಗೆ ಸಂಬಂಧವಿಲ್ಲದ ಎಂಜಿನಿಯರನಿಂದ ತಪಾಸಣೆ ಮಾಡಿಸುತ್ತಾನೆ. ವೈದ್ಯರು ಹೊಟ್ಟೆಯೊಳಗೆ ನಳಿಗೆ ಇಳಿಸಿ ನೋಡುವಂತೆ, ಬೋರ್‌ಸ್ಕೋಪ್ ಇಳಿಸಿ ಎಂಜಿನ್ನಿನ ಒಡಲು ನೋಡುತ್ತಾರೆ. ತುಕ್ಕು ಹುಡುಕುತ್ತಾರೆ. ಲಾಗ್‌ಬುಕ್ಕಿನ ಪುಟ ಕಾಣೆಯಾಗಿದ್ದರೆ ವ್ಯಾಪಾರವನ್ನೇ ಬಿಡುವುದು ಲೇಸು. ಆಮೇಲೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಒಪ್ಪಿಗೆ, 'ವಿಟಿ' ಅಕ್ಷರಗಳ ನೋಂದಣಿ, ಹಾರಾಟಯೋಗ್ಯತೆಯ ಪ್ರಮಾಣಪತ್ರ, ವಿಮೆ. ಆಮದಾಗುವ ಹಳೆಯ ವಿಮಾನದ ವಯಸ್ಸಿಗೂ ಮಿತಿಯಿದೆ.

ಇಷ್ಟೆಲ್ಲ ಏಕೆಂದರೆ, ಒಂದೇ ವಿಮಾನವಿರುವ ಸಂಸ್ಥೆಯಲ್ಲಿ ಅದು ಶೆಡ್ಡು ಸೇರಿದರೆ ಸೇವೆಯೇ ನಿಂತಂತೆ. ಆಸ್ಪತ್ರೆಗೆ ಹೊರಟ ರೋಗಿ, ಸಂದರ್ಶನಕ್ಕೆ ಹೊರಟ ಹುಡುಗಿ ಮತ್ತೆ ಬಸ್ ನಿಲ್ದಾಣಕ್ಕೇ ಬರಬೇಕು.

ಪಾಲಕರಿಗೊಂದು ಮಾತು. ವಿಮಾನವೆಂದರೆ ಪೈಲಟ್ ಒಬ್ಬನೇ ಅಲ್ಲ. ಲಾಗ್‌ಬುಕ್ ಓದಿ, ಪರೀಕ್ಷಿಸಿ, 'ಇದು ಹಾರಬಹುದು' ಎಂದು ಸಹಿ ಹಾಕುವವರು ವಿಮಾನ ನಿರ್ವಹಣಾ ಎಂಜಿನಿಯರರು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ಮಹಾನಿರ್ದೇಶನಾಲಯದ ಮನ್ನಣೆ ಪಡೆದ ಸಂಸ್ಥೆಯಲ್ಲಿ ಈ ತರಬೇತಿ ಪಡೆಯಬಹುದು. ಶುಲ್ಕ ಕಟ್ಟುವ ಮೊದಲು ಆ ಮನ್ನಣೆ ಇದೆಯೇ ಎಂದು ನೋಡಿರಿ. ಇಲ್ಲಿಯೂ ಹಲ್ಲು ನೋಡಿಯೇ ವ್ಯಾಪಾರ!