ಅರ್ಥಶಾಸ್ತ್ರದ ಪ್ರಥಮ ಪಾಠಗಳೂ ಅವುಗಳ ಪರಿಭಾಷೆಯೂ

ಕನ್ನಡದಲ್ಲಿ ಸೂಕ್ಷ್ಮ ಅರ್ಥಶಾಸ್ತ್ರವನ್ನು ವ್ಯಾಸಂಗಮಾಡತಕ್ಕ ಕಾಲೇಜು ವಿದ್ಯಾರ್ಥಿಗೆ ಮೊಟ್ಟಮೊದಲು ಎದುರಾಗುವ ತೊಡಕು ಶಬ್ದದ್ದು. ರೇಖಾಚಿತ್ರವೂ ಗಣಿತವೂ ಆಮೇಲಿನವು. ಪಠ್ಯಪುಸ್ತಕಗಳಲ್ಲಿ ರೂಢಿಗೆ ಬಂದಿರುವ ಪರಿಭಾಷೆಯು ಬಹುಮಟ್ಟಿಗೆ ಸಂಸ್ಕೃತದಿಂದ ತೆಗೆದುದು. ಆ ಶಬ್ದಗಳಲ್ಲಿ ಕೆಲವಕ್ಕೆ ನಮ್ಮ ಶಾಸ್ತ್ರಗಳಲ್ಲಿ ಪೂರ್ವದಿಂದಲೂ ನಿಯತವಾದ ಅರ್ಥವುಂಟು. ಹೊಸ ಶಾಸ್ತ್ರವು ಅವುಗಳ ಮೇಲೆ ಬೇರೆ ಅರ್ಥವನ್ನು ಹೊರಿಸಿದೆ. ಅರ್ಥಶಾಸ್ತ್ರದ ಅಧ್ಯಾಪಕರಿಗೆ ಸಂಸ್ಕೃತದ ಪರಿಚಯ ವಿರಳ, ನಮ್ಮಂಥ ಪಂಡಿತರಿಗೆ ಪೇಟೆಯ ಪರಿಚಯ ಇನ್ನೂ ವಿರಳ. ನಡುವೆ ಸಿಕ್ಕಿದ ವಿದ್ಯಾರ್ಥಿಯು ಲಕ್ಷಣವಾಕ್ಯಗಳನ್ನು ಕಂಠಪಾಠಮಾಡಿ ತೇರ್ಗಡೆಯಾಗುವನು. ಬಾಬಾಬುಡನ್‌ಗಿರಿಯ ತಪ್ಪಲಿನಿಂದಲೂ, ಮೂಡಿಗೆರೆ ಕಳಸಗಳ ಕಡೆಯಿಂದಲೂ, ಕಾಫಿಯ ತೋಟದಿಂದಲೇ ಕಾಲೇಜಿಗೆ ಬರುವವರ ವಿಷಯದಲ್ಲಿ ಇದು ವಿಶೇಷವಾಗಿ ಶೋಚನೀಯ. ಏಕೆಂದರೆ ಈ ಶಾಸ್ತ್ರದ ಉದಾಹರಣೆಗಳೆಲ್ಲ ಅವರ ಮನೆಯ ಮುಂದಣ ಕಣದಲ್ಲಿಯೇ ಒಣಗುತ್ತಿರುವುವು.

ಶಾಸ್ತ್ರದ ಹೆಸರನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಗ್ರಂಥವು ರಾಜ್ಯಪಾಲನೆಯ ಶಾಸ್ತ್ರ. ಅದರ ಹೆಸರನ್ನು ಹೊತ್ತ ಈಗಿನ ಶಾಸ್ತ್ರವು ಬೆಲೆಯ ವಿಚಾರದಿಂದ ಹೊರಡುವುದು.

ಬೆಲೆಗೆ ನಾವು ಮೂಲ್ಯವೆನ್ನುವೆವಷ್ಟೆ. ಪಾಣಿನಿಯು ಈ ಶಬ್ದವನ್ನು ‘ಮೂಲ’ ಶಬ್ದದಿಂದ ಸಾಧಿಸುತ್ತಾನೆ. ಮೂಲವೆಂದರೆ ಹೂಡಿದ ಹಣ. ಅದರಿಂದ ಮೇಲಾಗಿ ದೊರೆಯತಕ್ಕುದೂ ಮೂಲ್ಯ, ಅದಕ್ಕೆ ಸಮವಾದುದೂ ಮೂಲ್ಯ. ಕಾಫಿ ಬೆಳೆಗಾರನ ಸಹಜಬುದ್ಧಿಯೂ ಇದೇ. ಗೊಬ್ಬರಕ್ಕೆ ಇಷ್ಟು, ಕೂಲಿಗೆ ಇಷ್ಟು, ಮರಗಸಿಗೆ ಇಷ್ಟು ಹೋಯಿತು; ಆದುದರಿಂದ ಚೀಲಕ್ಕೆ ಇಷ್ಟು ಬರಬೇಕು ಎಂದು ಅವನು ವಾದಿಸುವನು. ಆದರೆ ಅರೇಬಿಕದ ಬೆಲೆ ನ್ಯೂಯಾರ್ಕಿನಲ್ಲಿಯೂ ರೊಬಸ್ಟದ್ದು ಲಂಡನ್ನಿನಲ್ಲಿಯೂ ಗೊತ್ತಾಗುವುದು. ಅಲ್ಲಿಯ ಕೊಳ್ಳುಗನು ಇವನ ಖರ್ಚಿನ ಲೆಕ್ಕವನ್ನು ನೋಡುವುದಿಲ್ಲ. ಖರ್ಚಿಗೆ ಸಂಬಂಧವೇ ಇಲ್ಲವೆಂದಲ್ಲ. 1890ರಲ್ಲಿ ತನ್ನ ಗ್ರಂಥವನ್ನು ಹೊರತಂದ ಆಲ್ಫ್ರೆಡ್ ಮಾರ್ಷಲನು ಬೇಡಿಕೆ ಪೂರೈಕೆಗಳನ್ನು ಕತ್ತರಿಯ ಎರಡು ಅಲಗುಗಳಿಗೆ ಹೋಲಿಸಿರುವನು. ಅಲ್ಪಕಾಲದಲ್ಲಿ ಬೇಡಿಕೆಯ ಅಲಗು ಹೆಚ್ಚಾಗಿ ಆಡುವುದು, ದೀರ್ಘಕಾಲದಲ್ಲಿ ಖರ್ಚಿನದು. ಪಾಣಿನಿಯ ಮೂಲ್ಯವನ್ನು ದೀರ್ಘಕಾಲದ ಬೆಲೆಯೆಂದು ತಿಳಿಸಿದರೆ ವಿದ್ಯಾರ್ಥಿಗೆ ಎರಡೂ ಒಟ್ಟಿಗೆ ತಿಳಿಯುವುವು.

ಇನ್ನು ‘ಸೀಮಾಂತ’. ಇಲ್ಲಿ ದೀರ್ಘವು ತಪ್ಪಿದರೆ ‘ಸೀಮಂತ’ವಾಗುವುದು. ಬೈತಲೆಯೆಂಬ ಅರ್ಥದಲ್ಲಿ ಮಾತ್ರ ಪರರೂಪಸಂಧಿಯಿಂದ ಸೀಮಂತವೆಂದೂ, ಮೇರೆಯ ಕೊನೆಯೆಂಬ ಅರ್ಥದಲ್ಲಿ ಸವರ್ಣದೀರ್ಘದಿಂದ ಸೀಮಾಂತವೆಂದೂ ವೈಯಾಕರಣರ ವ್ಯವಸ್ಥೆ. ಉತ್ತರಪತ್ರಿಕೆಯಲ್ಲಿ ‘ಸೀಮಂತ ವೆಚ್ಚ’ವೆಂದು ಬರೆದವನು ಬಸುರಿಯ ಶುಭಕಾರ್ಯದ ಖರ್ಚನ್ನು ಹೇಳಿದಂತಾಯಿತು! ವಿಷಯವು ಮಾತ್ರ ಗಹನವಲ್ಲ. ಒಂದು ತೋಟದಲ್ಲಿ ಕುಯ್ಲಿನ ಕಡೆಯ ಸುತ್ತು ನಡೆದಿದೆ. ಒಬ್ಬರ ದಿನಗೂಲಿ 500 ರೂಪಾಯಿ, ಹಣ್ಣಿಗೆ ಕಿಲೋಗ್ರಾಮಿಗೆ 30 ರೂಪಾಯಿ ಎಂದಿಟ್ಟುಕೊಳ್ಳೋಣ. ನಾಲ್ವರು ಕಿತ್ತರೆ 180 ಕಿಲೋ, ಐವರು ಕಿತ್ತರೆ 220, ಆರು ಮಂದಿ ಕಿತ್ತರೆ 235. ಐದನೆಯವನಿಂದ ಹೆಚ್ಚಿದ್ದು 40 ಕಿಲೋ, ಅಂದರೆ 1,200 ರೂಪಾಯಿ; ಕೂಲಿ ಕಳೆದು ಲಾಭವುಂಟು. ಆರನೆಯವನಿಂದ ಹೆಚ್ಚಿದ್ದು 15 ಕಿಲೋ, 450 ರೂಪಾಯಿ ಮಾತ್ರ. 50 ರೂಪಾಯಿ ನಷ್ಟ. ಸರಾಸರಿಯನ್ನು ಹಿಡಿದರೋ, ಆರು ಮಂದಿಯಲ್ಲಿ ತಲೆಗೆ 39 ಕಿಲೋವಿಗೂ ಮೇಲಾಗಿ, ಆರನೆಯವನೂ ಲಾಭಕರನೆಂದೇ ತೋರುವುದು. ಈ ಭ್ರಾಂತಿಯನ್ನು ಕಳೆಯುವುದೇ ಸೀಮಾಂತವಿಚಾರದ ಪ್ರಯೋಜನ. ‘ಕಡೆಯ ಆಳಿನ ದುಡಿಮೆ’ ಎಂದು ಒಮ್ಮೆ ತಿಳಿಗನ್ನಡದಲ್ಲಿ ಹೇಳಿ, ಅನಂತರ ಪಾರಿಭಾಷಿಕವನ್ನು ಕೊಡುವುದು ಲೇಸು.

ಆದರೆ ಅನುಭವಸ್ಥ ಬೆಳೆಗಾರನು ಇದಕ್ಕೆ ತಲೆದೂಗಲಾರನು. ಗಿಡದಲ್ಲಿಯೂ ನೆಲದಲ್ಲಿಯೂ ಉಳಿದ ಹಣ್ಣಿನಲ್ಲಿ ಕಾಯಿಕೊರಕ ಹುಳುವು ಮರಿಮಾಡಿ ಮುಂದಿನ ಫಸಲಿಗೂ ನೆರೆಯವನ ತೋಟಕ್ಕೂ ಹಬ್ಬುವುದು. ಆದಕಾರಣ 50 ರೂಪಾಯಿ ನಷ್ಟವಾದರೂ ಆರನೆಯವನನ್ನು ಕರೆಯುವುದು ವಿಹಿತವಾಗಬಹುದು. ನೆರೆಯವನಿಗೆ ತಗಲುವ ಈ ನಷ್ಟಕ್ಕೆ ಪುಸ್ತಕದಲ್ಲಿ ಬೇರೊಂದು ಅಧ್ಯಾಯವೇ ಉಂಟು. ಅದನ್ನು ಇಲ್ಲಿಯೇ ಸೂಚಿಸಿದರೆ ಲೆಕ್ಕವು ನಿರ್ಜೀವವಾಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಿನ ಅನರ್ಥವನ್ನು ಮಾಡಿರುವುದು ‘ಸ್ಥಿತಿಸ್ಥಾಪಕತ್ವ’ವೆಂಬ ಶಬ್ದ. ತರ್ಕಸಂಗ್ರಹವನ್ನೋದಿದವರಿಗೆ ಇದು ಪರಿಚಿತವೇ. ಸಂಸ್ಕಾರವು ವೇಗ, ಭಾವನೆ, ಸ್ಥಿತಿಸ್ಥಾಪಕವೆಂದು ಮೂರು ವಿಧ. ಸುತ್ತಿದ ಚಾಪೆಯನ್ನು ಬಿಚ್ಚಿದರೂ ಮತ್ತೆ ಸುರುಳಿಯಾಗುವುದಷ್ಟೆ, ಹಾಗೆ ಪೂರ್ವಸ್ಥಿತಿಗೆ ತರುವ ಗುಣವೇ ಸ್ಥಿತಿಸ್ಥಾಪಕ. ಅರ್ಥಶಾಸ್ತ್ರದಲ್ಲಾದರೋ ಹಿಂತಿರುಗುವ ಮಾತೇ ಇಲ್ಲ. ಬೆಲೆಯು ನೂರಕ್ಕೆ ಇಷ್ಟು ಬದಲಾದರೆ ಬೇಡಿಕೆಯಾಗಲಿ ಪೂರೈಕೆಯಾಗಲಿ ನೂರಕ್ಕೆ ಎಷ್ಟು ಬದಲಾಗುವುದೆಂಬ ಪ್ರಮಾಣಮಾತ್ರ ವಿವಕ್ಷಿತ. ಇಂಗ್ಲಿಷಿನ ಶಬ್ದದಲ್ಲಿಯೂ ಈ ದೋಷವಿದ್ದು, ನಾವು ಅದನ್ನು ನಿಷ್ಠೆಯಿಂದ ಅನುವಾದಿಸಿಕೊಂಡೆವು. ‘ಮಿಡಿತ’ವೆಂಬ ಕನ್ನಡ ಶಬ್ದವು ಇದಕ್ಕಿಂತ ಸಮರ್ಪಕವೆಂದು ನನ್ನ ಮತ.

ಮಿಡಿತಕ್ಕೆ ಕಾಫಿಯಂಥ ಉದಾಹರಣೆ ದುರ್ಲಭ. 1975ರ ಜುಲೈಯಲ್ಲಿ ಬ್ರೆಜಿಲಿನ ಪರಾನಾ ಪ್ರಾಂತದ ತೋಟಗಳು ಹಿಮದಿಂದ ಸುಟ್ಟುಹೋದುವು. 1977ರ ಹೊತ್ತಿಗೆ ಜಗತ್ತಿನ ಬೆಲೆಯು ಹಲವು ಮಡಿ ಏರಿತು. ಕಾಫಿ ಗಿಡವು ಮೊದಲ ಫಸಲನ್ನು ಕೊಡಲು ಮೂರು ನಾಲ್ಕು ವರ್ಷ ಬೇಕು; ಬೆಲೆ ಏರಿತೆಂದು ಆ ವರ್ಷವೇ ಯಾರೂ ಹೆಚ್ಚು ಬೆಳೆಯಲಾರರು. ಅಲ್ಪಕಾಲದಲ್ಲಿ ಪೂರೈಕೆಯ ಮಿಡಿತ ಅತ್ಯಲ್ಪ. ದೀರ್ಘಕಾಲದಲ್ಲಿಯಾದರೋ ಹೊಸ ನೆಡುವಿಕೆಯೆಲ್ಲ ಒಟ್ಟಿಗೆ ಫಲಕ್ಕೆ ಬರುವುದು. ವಿಯಟ್ನಾಮಿನ ತೋಟಗಳು ಹೆಚ್ಚಿದ ಮೇಲೆ 2001ರಲ್ಲಿ ಅರೇಬಿಕವು ಪೌಂಡಿಗೆ 50 ಸೆಂಟಿಗಿಂತ ಕೆಳಕ್ಕಿಳಿಯಿತು. 2025ರ ಫೆಬ್ರವರಿಯಲ್ಲಿ 4 ಡಾಲರನ್ನು ಮೀರಿತು. ಇಷ್ಟಾದರೂ ಕುಡಿಯುವವರು ಲೋಟವನ್ನು ಅಷ್ಟಾಗಿ ಕಿರಿದುಮಾಡಲಿಲ್ಲ. ಬೇಡಿಕೆಯ ಮಿಡಿತವೂ ಅಲ್ಪವೇ. ಎರಡೂ ಕಡೆ ಮಿಡಿತ ಅಲ್ಪವಾದಲ್ಲಿ ಬೆಲೆಯೊಂದೇ ಕುಣಿಯಬೇಕಾಗುವುದು.

ಕಡೆಯದಾಗಿ ‘ಏಕಸ್ವಾಮ್ಯ’. ಒಬ್ಬನೇ ಮಾರುವವನಾದರೆ ಈ ಶಬ್ದ ಸಲ್ಲುವುದು. ಒಬ್ಬನೇ ಕೊಳ್ಳುವವನಾದರೆ ‘ಏಕಕ್ರೇತೃತ್ವ’ವೆಂದು ಬೇರೆ ಹೆಸರು ಬೇಕು. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಪೇಟೆ ಮುಚ್ಚಿದಾಗ, 1942ರ ಕಾಫಿ ಕಾಯಿದೆಯ ಮೇರೆಗೆ ಬೆಳೆಗಾರರು ಫಸಲನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸುವ ಏರ್ಪಾಡು ದೃಢವಾಯಿತು. ಮಂಡಳಿಯು ಹರಾಜಿನಲ್ಲಿ ಮಾರಿ ಹಣವನ್ನು ಕಂತುಕಂತಾಗಿ ಹಂಚುತ್ತಿತ್ತು. ಬೆಳೆಗಾರನ ಪಾಲಿಗೆ ಅದು ಏಕಕ್ರೇತೃವಿನಂತೆ, ವರ್ತಕನ ಪಾಲಿಗೆ ಏಕಸ್ವಾಮಿ. 1992ರಿಂದ ಈ ಕಟ್ಟು ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಪೂರ್ಣವಾಗಿ ಬಿಚ್ಚಿತು. ಇದರ ಛಾಯೆಯು ಕೌಟಿಲ್ಯನ ಪಣ್ಯಾಧ್ಯಕ್ಷಪ್ರಕರಣದಲ್ಲಿ ಕಾಣುವುದು: ಹೇರಳವಾದ ಸರಕನ್ನು ಒಂದೆಡೆ ಕೂಡಿಸಿ ಅರ್ಘವನ್ನು ಏರಿಸುವಂತೆ ಅವನು ಅಧಿಕಾರಿಗೆ ವಿಧಿಸುತ್ತಾನೆ; ಲಾಭವು ದೊಡ್ಡದಾದರೂ ಪ್ರಜೆಗಳಿಗೆ ಬಾಧಕವಾದರೆ ಬಿಡತಕ್ಕದ್ದೆಂದೂ ಕೂಡಲೇ ಸೇರಿಸುತ್ತಾನೆ. ಪೂಲಿನಿಂದ ಬೆಳೆಗಾರನಿಗೆ ರಕ್ಷಣೆಯಾಯಿತೋ, ಅವನ ಹಣ ತಡವಾಗಿ ಸವೆಯಿತೋ ಎಂಬ ಚರ್ಚೆಗೆ ತರಗತಿಯಲ್ಲಿ ಈ ಎರಡು ವಿಧಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ಆರಂಭಿಸಬಹುದು.