ಮೋಟಾರು ಯಂತ್ರದ ಉಸಿರಾಟ

ಅತಿಯಾಗಿ ಉಂಡವನು ಬಲಶಾಲಿಯಾಗುವುದಿಲ್ಲ. ಹೊತ್ತಿಗೆ ಸರಿಯಾಗಿ ಹಿತಮಿತವಾಗಿ ಉಂಡವನೇ ಬಲಶಾಲಿಯಾಗುವನು. ಮನುಷ್ಯನಿಗೆ ಸಲ್ಲುವ ಈ ಮಾತು ಮೋಟಾರು ಯಂತ್ರಕ್ಕೂ ಸಲ್ಲುತ್ತದೆಂದರೆ ವಾಚಕರಿಗೆ ಸೋಜಿಗವಾಗಬಹುದು. ಯಂತ್ರದ ಉಸಿರಾಟದ ಹೊತ್ತುಗೊತ್ತುಗಳನ್ನು ನಿಯಮಿಸುವ ಅವಯವವೊಂದುಂಟು. ಅದಕ್ಕೆ ಕ್ಯಾಮ್‌ಶಾಫ್ಟ್ ಎಂದು ಹೆಸರು.

ಅಮೆರಿಕಾ ದೇಶದಲ್ಲಿ ಹಳೆಯ ಕಾರಿನ ಯಂತ್ರವನ್ನು ತಾವೇ ಬಿಚ್ಚಿ, ಅದರ ಬಲವನ್ನು ಹೆಚ್ಚಿಸುವ ಹವ್ಯಾಸವು ಬಹುಜನರಲ್ಲಿದೆ. ಷೆವ್ರೊಲೆ ಸಂಸ್ಥೆಯವರು 1955ರ ಮಾದರಿಯ ಕಾರುಗಳಲ್ಲಿ ಅಳವಡಿಸಿದ ಎಂಟು ಸಿಲಿಂಡರುಗಳ ಯಂತ್ರದ ವಂಶವು ಈ ಹವ್ಯಾಸಿಗಳಿಗೆ ಅಚ್ಚುಮೆಚ್ಚು. 1956ರ ಜನವರಿಯಲ್ಲಿ ಅದೇ ಸಂಸ್ಥೆಯ ಇಂಜಿನಿಯರಾದ ಜೋರಾ ಆರ್ಕಸ್-ಡಂಟೋವ್ ಎಂಬವರು ತಾವು ರೂಪಿಸಿದ ಕ್ಯಾಮ್‌ಶಾಫ್ಟನ್ನು ಇಂಥ ಯಂತ್ರಕ್ಕೆ ಜೋಡಿಸಿ, ಫ್ಲಾರಿಡಾದ ಡೇಟೋನಾ ಕಡಲತೀರದಲ್ಲಿ ಕಾರ್ವೆಟ್ ಕಾರನ್ನು ಗಂಟೆಗೆ 150 ಮೈಲಿಗೂ ಮಿಗಿಲಾದ ವೇಗದಲ್ಲಿ ಓಡಿಸಿದರು. ಇಂಥ ಕೀರ್ತಿಯನ್ನು ಕೇಳಿದವನಿಗೆ, ತನ್ನ ಕಾರಿಗೂ ಅಂಥದೇ ಇರಲೆಂಬ ಆಸೆ ಹುಟ್ಟುವುದು ಸಹಜವೇ. ಆದರೆ ಕಡಲತೀರದ ಓಟವೇ ಬೇರೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಪೇಟೆಗೆ ಹೋಗಿಬರುವ ದಾರಿಯೇ ಬೇರೆ.

ಕ್ಯಾಮ್‌ಶಾಫ್ಟ್ ಎಂಬುದು ಮೊಟ್ಟೆಯಾಕಾರದ ಉಬ್ಬುಗಳುಳ್ಳ ಲೋಹದ ದಂಡ. ಯಂತ್ರವು ಎರಡು ಸುತ್ತು ತಿರುಗಿದರೆ ಇದು ಒಂದು ಸುತ್ತು ತಿರುಗಿ, ಗಾಳಿಯನ್ನು ಒಳಬಿಡುವ ಮತ್ತು ಹೊಗೆಯನ್ನು ಹೊರಬಿಡುವ ವಾಲ್ವುಗಳನ್ನು ತೆರೆಯುತ್ತದೆ. ಉಬ್ಬಿನ ಎತ್ತರವು ವಾಲ್ವು ಎಷ್ಟು ತೆರೆಯಬೇಕೆಂಬುದನ್ನೂ, ಅದರ ಅಗಲವು ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನೂ ನಿರ್ಧರಿಸುತ್ತವೆ.

ನಿಮಿಷಕ್ಕೆ 6000 ಸುತ್ತು ತಿರುಗುವ ಯಂತ್ರದಲ್ಲಿ ಪಿಸ್ಟನು ಒಮ್ಮೆ ಕೆಳಗಿಳಿಯಲು ಹಿಡಿಯುವ ಕಾಲ ಒಂದು ಸೆಕೆಂಡಿನ ಇನ್ನೂರನೆಯ ಒಂದು ಪಾಲು! ಗಾಳಿಗೂ ತೂಕವಿರುವುದರಿಂದ ಅದು ಕರೆದೊಡನೆ ಬಾರದು. ಬರತೊಡಗಿದ ಮೇಲೆ ತಟ್ಟನೆ ನಿಲ್ಲದು. ಆದ್ದರಿಂದ ಪಿಸ್ಟನು ಮೇಲೇರತೊಡಗಿದರೂ ವಾಲ್ವನ್ನು ಕೊಂಚ ಹೊತ್ತು ತೆರೆದಿಟ್ಟರೆ, ಮಹಾವೇಗದಲ್ಲಿ ಗಾಳಿ ಇನ್ನಷ್ಟು ತುಂಬಿ ಬಲ ಹೆಚ್ಚುತ್ತದೆ. ಆದರೆ ಮಂದವೇಗದಲ್ಲಿ ಒಳಬಂದ ಗಾಳಿಯೇ ಮರಳಿ ಹೊರದೂಡಲ್ಪಡುತ್ತದೆ. ಎರಡು ವಾಲ್ವುಗಳೂ ಏಕಕಾಲದಲ್ಲಿ ತೆರೆದಿರುವ ಅವಧಿಯು ಬೆಳೆದಷ್ಟೂ ಹೊಗೆ ಹೊಸ ಗಾಳಿಯೊಡನೆ ಬೆರೆತು, ನಿಂತ ಕಾರು ಗಡಗಡನೆ ನಡುಗುತ್ತದೆ. ಮೇಲಿನ ವೇಗದಲ್ಲಿ ಗಳಿಸಿದುದನ್ನು ಕೆಳಗಿನ ವೇಗದಲ್ಲಿ ತೆರಬೇಕಾಗುವುದೆಂಬುದೇ ಇದರ ತಾತ್ಪರ್ಯ.

ನಡುಕವನ್ನಾದರೂ ಸಹಿಸಬಹುದು, ಅಪಾಯವು ಬೇರೆಡೆಯಲ್ಲಿದೆ. ಅನೇಕ ಕಾರುಗಳಲ್ಲಿ ಬ್ರೇಕಿಗೆ ನೆರವಾಗುವುದು ಯಂತ್ರವು ಗಾಳಿಯನ್ನು ಹೀರುವಾಗ ಉಂಟಾಗುವ ನಿರ್ವಾತ. ಮಿತಿಮೀರಿದ ಕ್ಯಾಮ್‌ಶಾಫ್ಟ್ ಅದನ್ನು ಕುಗ್ಗಿಸುವುದರಿಂದ, ಬ್ರೇಕಿನ ಪೆಡಲು ಕಲ್ಲಿನಂತೆ ಬಿಗಿಯಾಗಬಹುದು. ವೇಗವನ್ನು ಬಯಸಿದವನು ನಿಲ್ಲುವ ಶಕ್ತಿಯನ್ನು ಕಳೆದುಕೊಂಡರೆ ಗತಿಯೇನು?

ಹಾಗಾದರೆ ಆರಿಸುವುದು ಹೇಗೆ? ದಿನದ ಬಹುಪಾಲು ಯಂತ್ರವು ಎಷ್ಟು ಸುತ್ತು ತಿರುಗುವುದೆಂಬುದನ್ನು ಮೊದಲು ನೋಡಬೇಕು. ಬೀದಿಯ ಕಾರಿನಲ್ಲಿ ಅದು ಸಾಮಾನ್ಯವಾಗಿ 1500ರಿಂದ 3500ರವರೆಗೆ. ಷೆವ್ರೊಲೆಯವರ 350 ಘನ ಅಂಗುಲದ ಯಂತ್ರಕ್ಕೆ, ಅಂಗುಲದ ಸಾವಿರದಲ್ಲಿ ಐವತ್ತರ ಎತ್ತರದಲ್ಲಿ ಅಳೆದಾಗ 210ರಿಂದ 220 ಡಿಗ್ರಿ ಅವಧಿಯುಳ್ಳದ್ದು ಬೀದಿಗೆ ಒಪ್ಪುತ್ತದೆ. 240 ದಾಟಿದುದು ಪಂದ್ಯದ ಬಯಲಿಗೇ ಮೇಲು. ಕಾರಿನ ತೂಕ, ಗೇರುಗಳ ಅನುಪಾತ, ಸಿಲಿಂಡರಿನ ಒತ್ತಡ, ಇವೆಲ್ಲವೂ ಕ್ಯಾಮ್‌ಶಾಫ್ಟಿಗೆ ಹೊಂದಬೇಕು. ವಾಲ್ವುಗಳ ಸ್ಪ್ರಿಂಗುಗಳು ತಕ್ಕವಾಗಿರಬೇಕು. ವಾಲ್ವು ಪಿಸ್ಟನಿಗೆ ತಗುಲದಷ್ಟು ಎಡೆಯಿದೆಯೆ ಎಂದು ಅಳೆಯಲೇಬೇಕು. ಎರಡರ ನಡುವೆ ಮನಸ್ಸು ತೂಗಾಡಿದರೆ ಚಿಕ್ಕದನ್ನೇ ಆರಿಸುವುದು ಜಾಣತನ.

1989ರಲ್ಲಿ ಜಪಾನಿನ ಹೊಂಡಾ ಸಂಸ್ಥೆಯವರು ಮಂದವೇಗಕ್ಕೊಂದು, ಮಹಾವೇಗಕ್ಕೊಂದು ಉಬ್ಬನ್ನು ಒಂದೇ ದಂಡದಲ್ಲಿರಿಸಿ, ವೇಗಕ್ಕೆ ತಕ್ಕಂತೆ ಬದಲಾಗುವ ಏರ್ಪಾಡನ್ನು ಹೊರತಂದರು. ಹಳೆಯ ಯಂತ್ರಕ್ಕೆ ಆ ಭಾಗ್ಯವಿಲ್ಲ. ಅದರ ಒಡೆಯನೇ ವಿವೇಕದಿಂದ ಒಂದನ್ನು ಆರಿಸಬೇಕು. ವರ್ಷಕ್ಕೊಮ್ಮೆ ಬರುವ ಹಬ್ಬಕ್ಕಾಗಿ ದಿನದಿನದ ಅನ್ನವನ್ನು ಕೆಡಿಸಿಕೊಳ್ಳುವವರುಂಟೆ?